ಭತ್ತದ ಕ್ಷೇತ್ರ ಪಾಠಶಾಲೆ: ದೊಡ್ಡವರಿಗೆ ಕಲಿಸುವುದು ಹೀಗೆ

ಈ ಮುಂಗಾರಿನಲ್ಲಿ ನಮ್ಮ ಹೋಬಳಿಯಲ್ಲಿ ನಡೆದ ಭತ್ತದ ಕ್ಷೇತ್ರ ಪಾಠಶಾಲೆಗೆ, ಅಂದರೆ ರೈತರು ಗದ್ದೆಯಲ್ಲೇ ಸೇರಿ ನೋಡಿ ಕಲಿಯುವ ತರಬೇತಿಗೆ, ನಾಟಿಯಿಂದ ಕೊಯ್ಲಿನವರೆಗೂ ಹೋಗಿ ಬಂದೆ. ಸೇರಬೇಕಾ ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಖಂಡಿತ ಸೇರಿ. ಭತ್ತ ಬೆಳೆಯದಿದ್ದರೂ ಪರವಾಗಿಲ್ಲ, ಊರಲ್ಲಿ ಸಭೆ, ತರಬೇತಿ ಅಂತ ನಡೆಸುವವರು ಒಂದು ಬೆಳಿಗ್ಗೆ ಬಂದು ನೋಡಲೇಬೇಕು. ಭದ್ರಾ ನಾಲೆಯ ಕೆಳಗೆ ನಮ್ಮದು ಸ್ವಲ್ಪ ಗದ್ದೆ ಇದೆ. ಜೊತೆಗೆ ನಾನು ಹಾಲಿನ ಸೊಸೈಟಿಯ ಕಾರ್ಯದರ್ಶಿ, ಸಭೆ ಕರೆಯುವುದು ನನ್ನ ಕೆಲಸ. ಹಾಗಾಗಿ ಅಲ್ಲಿ ಹುಳು ನೋಡಿದ್ದಕ್ಕಿಂತ ಹುಳು ತೋರಿಸಿದ ರೀತಿಯನ್ನೇ ಜಾಸ್ತಿ ನೋಡಿದೆ.

ತರಬೇತಿ ಅಂದರೆ ನಮಗೆ ಗೊತ್ತಿರುವುದು ಸಮುದಾಯ ಭವನ, ಪ್ರಾರ್ಥನೆ, ದೀಪ, ಹಾರ, ಶಾಲು, ಅತಿಥಿಗಳ ಮಾತು. ತಜ್ಞರ ಕೈಗೆ ಮೈಕ್ ಸಿಗುವ ಹೊತ್ತಿಗೆ ಊಟದ ಸಮಯ. ಪರದೆಯ ಮೇಲೆ ಗೋಡೆ ತುಂಬ ಕಾಣುವ, ಭತ್ತದ ರಸ ಹೀರುವ ಕಂದು ಜಿಗಿಹುಳು ಗದ್ದೆಯಲ್ಲಿ ಎಳ್ಳುಕಾಳಿನಷ್ಟು ಇರುತ್ತದೆ. ಹುಟ್ಟಿದಾಗಿನಿಂದ ಗದ್ದೆ ನೋಡಿದವರು ಮುಂದೆ ಕೂತಿರುತ್ತಾರೆ, ಅವರನ್ನು ಯಾರೂ ಒಂದು ಮಾತು ಕೇಳುವುದಿಲ್ಲ. ಅವರೂ ಕೇಳುವುದಿಲ್ಲ, ಊಟ ಮಾಡಿ ಮನೆಗೆ ಹೋಗುತ್ತಾರೆ.

ಇಲ್ಲಿ ಅದ್ಯಾವುದೂ ಇರಲಿಲ್ಲ. ವಾರಕ್ಕೊಂದು ಬೆಳಿಗ್ಗೆ, ಡೇರಿಗೆ ಹಾಲು ಹಾಕಿ ಬಂದ ಮೇಲೆ, ಗದ್ದೆ ಪಕ್ಕದ ಹುಣಸೆ ಮರದ ಕೆಳಗೆ ಸೇರುವುದು. ಐದೈದು ಜನರ ಗುಂಪು ಮಾಡುತ್ತಾರೆ. ಗುಂಪು ಗದ್ದೆಗಿಳಿದು ಅಲ್ಲೊಂದು ಇಲ್ಲೊಂದು ಬುಡ ಆರಿಸಿಕೊಂಡು ನೋಡಬೇಕು. ಬುಡದಿಂದ ತೆಂಡೆ (ಮರಿ ಕವಲು) ಎಷ್ಟು ಒಡೆದಿದೆ, ನೀರು ಎಷ್ಟು ನಿಂತಿದೆ, ಎಲೆ ಬಣ್ಣ ಹೇಗಿದೆ, ಬುಡದಲ್ಲಿ ಯಾವ ಹುಳು ಎಷ್ಟಿದೆ. ಆಮೇಲೆ ಮರದ ಕೆಳಗೆ ದೊಡ್ಡ ಹಾಳೆ ಹರಡಿಕೊಂಡು ಚಿತ್ರ ಬರೆಯಬೇಕು. ನಡುವೆ ಪೈರು. ಒಂದು ಕಡೆ ಬೆಳೆ ತಿನ್ನುವ ಹುಳು, ಇನ್ನೊಂದು ಕಡೆ ಆ ಹುಳುಗಳನ್ನು ತಿನ್ನುವ ಜೇಡ, ಗುಲಗಂಜಿ ಹುಳು, ಏರೋಪ್ಲೇನ್ ಚಿಟ್ಟೆ. ಮೇಲೆ ಬಿಸಿಲೋ ಮೋಡವೋ ಅದು. ಕೊನೆಗೆ ಈ ವಾರ ಗದ್ದೆಗೆ ಏನು ಮಾಡಬೇಕು ಅಂತ ಗುಂಪೇ ತೀರ್ಮಾನ ಮಾಡಿ ಎಲ್ಲರ ಮುಂದೆ ಹೇಳಬೇಕು. ಉಳಿದವರು ಸುಮ್ನೆ ಬಿಡುವುದಿಲ್ಲ, ಯಾಕೆ, ಹೇಗೆ ಅಂತ ಕೇಳುತ್ತಾರೆ.

ನನಗೆ ತುಂಬಾ ಹಿಡಿಸಿದ್ದು ನಡೆಸಿಕೊಟ್ಟ ಮೇಡಂ ಉತ್ತರ ಕೊಡದೇ ಇದ್ದದ್ದು. ನಮ್ಮ ಊರಿನ ಹಿರಿಯರೊಬ್ಬರು ಅಂಗೈಯಲ್ಲಿ ಒಂದು ಜೇಡ ಹಿಡಿದು ತಂದರು. "ಮೇಡಂ, ಇದಕ್ಕೆ ಯಾವ ಔಷಧಿ?" ಅಂದರು.

"ಎಲ್ಲಿ ಸಿಕ್ತು ಯಜಮಾನ್ರೇ?"

"ಬುಡದಲ್ಲಿ, ನೀರಿನ ಹತ್ರ."

"ಏನು ಮಾಡ್ತಿತ್ತು? ಎಲೆ ತಿಂತಿತ್ತಾ?"

"ಇಲ್ಲ, ಓಡಾಡ್ತಿತ್ತು."

"ಹಾಗಾದ್ರೆ ಏನು ತಿಂದು ಬದುಕ್ತಿದೆ, ನೋಡೋಣ್ವಾ?"

ಒಂದು ಕುಂಡದಲ್ಲಿ ಭತ್ತದ ಬುಡ ನೆಟ್ಟು, ಸುತ್ತ ಸೊಳ್ಳೆ ಪರದೆ ಕಟ್ಟಿ, ಒಳಗೆ ಜಿಗಿಹುಳು ಮತ್ತು ಆ ಜೇಡ ಬಿಟ್ಟರು. ಕುಂಡವನ್ನು ಯಜಮಾನರ ಮನೆಗೇ ಕಳಿಸಿದರು. ಮುಂದಿನ ವಾರ ಅವರೇ ಹೊತ್ತು ತಂದರು. ಜೇಡ ಗಟ್ಟಿಮುಟ್ಟಾಗಿತ್ತು, ಜಿಗಿಹುಳು ಒಂದೋ ಎರಡೋ ಉಳಿದಿದ್ದವು. ಅವತ್ತು ಪಾಠ ಮಾಡಿದ್ದು ಯಜಮಾನರು. ಮೇಡಂ ಪಕ್ಕದಲ್ಲಿ ನಿಂತು ಕೇಳಿಸಿಕೊಂಡರು. ಜಿಗಿಹುಳು ಕಂಡ ತಕ್ಷಣ ಔಷಧಿ ಹೊಡೆದರೆ ಮೊದಲು ಸಾಯುವವನು ನಮ್ಮ ಕಾವಲಿನವನೇ ಅಂತ ಯಜಮಾನರು ಹೇಳಿದಾಗ, ಎಷ್ಟೋ ವರ್ಷ ಕರಪತ್ರದಲ್ಲಿ ಓದಿಯೂ ನಂಬದವರು ತಲೆಯಾಡಿಸಿದರು.

ಎಲೆ ಕತ್ತರಿಸುವ ಪ್ರಯೋಗವೂ ಹಾಗೇ. ಎಳೆ ಪೈರಿನಲ್ಲಿ ನಾಲ್ಕು ಕಡ್ಡಿ ನೆಟ್ಟು ಗುರುತು ಮಾಡಿ, ಒಳಗಿನ ಎಲೆಗಳನ್ನು ಕತ್ತರಿಯಿಂದ ಅರ್ಧ ಕತ್ತರಿಸಿದರು. ಎದೆ ಝಲ್ ಅಂದಿತು. ತೆನೆ ಬರುವ ಹೊತ್ತಿಗೆ ಆ ಜಾಗ ಯಾವುದು ಅಂತ ಕಡ್ಡಿ ನೋಡಿಯೇ ಹುಡುಕಬೇಕಾಯಿತು. ಮೊದಮೊದಲು ಎಲೆ ಸುರುಳಿ ಹುಳು ಒಂದಷ್ಟು ತಿಂದರೆ ಪೈರು ಚೇತರಿಸಿಕೊಳ್ಳುತ್ತದೆ. ಅದಕ್ಕೇ ಗಾಬರಿಯಾಗಿ ಅಂಗಡಿಗೆ ಓಡಬೇಕಾಗಿಲ್ಲ.

ಈ ಪದ್ಧತಿ ಶುರುವಾದದ್ದು 1989ರಲ್ಲಿ ಇಂಡೋನೇಷ್ಯಾದಲ್ಲಿ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ. ಅಲ್ಲೂ ಇದೇ ಕಂದು ಜಿಗಿಹುಳುವಿನ ಕಾಟ. ಔಷಧಿ ಹೊಡೆದಷ್ಟೂ ಹುಳು ಜಾಸ್ತಿಯಾಗಿ, 1986ರಲ್ಲಿ ಅಲ್ಲಿನ ಸರ್ಕಾರ ಭತ್ತಕ್ಕೆ 57 ಕೀಟನಾಶಕಗಳನ್ನು ನಿಷೇಧಿಸಿತು. ನಿಷೇಧ ಮಾಡಿದರೆ ಸಾಕಾ? ರೈತನೇ ಗದ್ದೆ ನೋಡಿ ತೀರ್ಮಾನ ಮಾಡುವಂತಾಗಬೇಕಿತ್ತು. ಅದಕ್ಕೆ ಭಾಷಣ ಬಿಟ್ಟು ಗದ್ದೆಯನ್ನೇ ಶಾಲೆ ಮಾಡಿದರು. ದೊಡ್ಡವರು ಕಲಿಯುವ ಬಗೆಯ ಮೇಲೆ ಅಮೆರಿಕದ ಶಿಕ್ಷಣ ತಜ್ಞ ಮಾಲ್ಕಮ್ ನೋಲ್ಸ್ ಹೇಳಿದ್ದೂ ಹೆಚ್ಚುಕಮ್ಮಿ ಇದನ್ನೇ. ವಯಸ್ಕರು ಅನುಭವ ಹೊತ್ತುಕೊಂಡೇ ಬರುತ್ತಾರೆ, ಇದನ್ನು ಯಾಕೆ ಕಲಿಯಬೇಕು ಅಂತ ಅವರಿಗೆ ಗೊತ್ತಾಗಬೇಕು, ಎದುರಿಗಿರುವ ಕಷ್ಟಕ್ಕೆ ಅದು ಇವತ್ತೇ ಉಪಯೋಗಕ್ಕೆ ಬರಬೇಕು.

ಪರೀಕ್ಷೆಯೂ ಇತ್ತು. ಗದ್ದೆಯಲ್ಲಿ ಅಲ್ಲಲ್ಲಿ ಹಲಗೆ, ಪಕ್ಕದಲ್ಲೇ ನಿಜವಾದ ಹುಳು ಇಲ್ಲವೇ ರೋಗ ಬಂದ ಎಲೆ, ಕೆಳಗೆ ಮೂರು ಡಬ್ಬಿ. ಸರಿ ಅನ್ನಿಸಿದ ಡಬ್ಬಿಗೆ ಚೀಟಿ ಹಾಕುವುದು. ಓದು ಬರಹ ಬಾರದವರಿಗೆ ಪ್ರಶ್ನೆ ಓದಿ ಹೇಳಿದರು. ಶುರುವಿನಲ್ಲೂ ಕೊನೆಯಲ್ಲೂ ಅದೇ ಪರೀಕ್ಷೆ ಮಾಡಿದ್ದರಿಂದ ಯಾರು ಎಷ್ಟು ಕಲಿತರು ಅಂತ ಅವರವರಿಗೇ ತಿಳಿಯಿತು.

ಕೊರತೆ ಎರಡು, ಎರಡೂ ಸಣ್ಣವಲ್ಲ. ಪಹಣಿ ನೋಡಿ ಹೆಸರು ಬರೆದುಕೊಂಡಿದ್ದರಿಂದ ಬಂದವರಲ್ಲಿ ಹೆಚ್ಚಿನವರು ಗಂಡಸರೇ. ನಾಟಿ ಮಾಡುವವರು ಯಾರು, ಕಳೆ ತೆಗೆಯುವವರು ಯಾರು? ಬುಡಕ್ಕೆ ಬಗ್ಗಿ ನೋಡುವ ಕಣ್ಣು ಹೆಂಗಸರದ್ದು. ನಡುವೆ ಒಂದು ವಾರ ಕಳೆ ತೆಗೆಯುತ್ತಿದ್ದ ಅಕ್ಕಂದಿರನ್ನು ಮೇಡಂ ಕರೆದು ಗುಂಪಿಗೆ ಸೇರಿಸಿದರು. ಎಲೆ ತುದಿಯಲ್ಲಿದ್ದ ಕಾಂಡ ಕೊರಕದ ಮೊಟ್ಟೆಗಳನ್ನು ಅವರು ಹುಡುಕಿ ಕೊಟ್ಟ ವೇಗ ನೋಡಬೇಕಿತ್ತು. ಅವರು ಮೊದಲ ದಿನದಿಂದಲೇ ಇರಬೇಕಿತ್ತು. ಆ ಬೆಳಿಗ್ಗೆಯ ಕೂಲಿ ಕಟ್ಟಿಕೊಡುವ ವ್ಯವಸ್ಥೆ ಆಗದಿದ್ದರೆ ಅವರು ಬರುವುದಾದರೂ ಹೇಗೆ?

ಎರಡನೆಯದು ತೂಕ. ನಮ್ಮ ರೂಢಿಯಂತೆ ಬೆಳೆದದ್ದು ಒಂದು ತಾಕು, ಗುಂಪಿನ ತೀರ್ಮಾನದಂತೆ ಬೆಳೆದದ್ದು ಇನ್ನೊಂದು. ಎರಡರ ಖರ್ಚು, ಇಳುವರಿ ಎದುರುಬದುರು ಇಡುವುದೇ ಇದರ ತಿರುಳು. ಆದರೆ ಕೊಯ್ಲಿನ ಮೆಷಿನ್ ಬಂದ ದಿನ ನಡೆಸಿದವರು ಯಾರೂ ಇರಲಿಲ್ಲ, ಎರಡೂ ತಾಕಿನ ಭತ್ತ ಒಂದೇ ಟ್ರ್ಯಾಲಿಗೆ ಬಿತ್ತು. ಔಷಧಿಯ ಖರ್ಚು ಉಳಿದದ್ದು ಗೊತ್ತಿದೆ, ಇಳುವರಿಯ ಲೆಕ್ಕ ಸಿಗಲಿಲ್ಲ. ಇಡೀ ಮುಂಗಾರು ಬಂದವರಿಗೆ ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ಇದನ್ನು ನೋಡಿದ ಮೇಲೆ ನಮ್ಮ ಸೊಸೈಟಿಯಲ್ಲಿ ಕೆಚ್ಚಲು ಬಾವಿನ ಸಭೆಯನ್ನು ಬೇರೆ ರೀತಿ ಮಾಡಿದೆವು. ಭಾಷಣ ಇಲ್ಲ. ನಾಲ್ಕು ಗುಳಿಯ ತಟ್ಟೆ, ಪರೀಕ್ಷೆಯ ದ್ರಾವಣ, ಅವರವರ ಕೊಟ್ಟಿಗೆ. ನಾಲ್ಕೂ ಮೊಲೆಯ ಹಾಲು ಬೇರೆ ಬೇರೆ ಗುಳಿಗೆ ಕರೆದು, ಅಷ್ಟೇ ದ್ರಾವಣ ಹಾಕಿ ತಿರುಗಿಸಿದರು. ಒಂದು ಗುಳಿಯ ಹಾಲು ಲೋಳೆಯಾದದ್ದನ್ನು, ಅಂದರೆ ಆ ಮೊಲೆಗೆ ಬಾವು ಬಂದಿರುವುದನ್ನು, ಕಂಡವರು ತಾವಾಗಿಯೇ ಡಾಕ್ಟರಿಗೆ ಫೋನ್ ಮಾಡಿದರು.

ಕ್ಷೇತ್ರ ಪಾಠಶಾಲೆಗೆ ಫೀಸು ಕಟ್ಟಬೇಕಾಗಿರಲಿಲ್ಲ. ನಾಟಿಗೆ ಮೊದಲೇ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಹೆಸರು ಬರೆಸುವಾಗ ಮನೆಯ ಹೆಂಗಸರ ಹೆಸರನ್ನೂ ಬರೆಸಿ, ಕೊಯ್ಲಿನ ದಿನ ತಾಕುಗಳನ್ನು ಬೇರೆ ಬೇರೆ ತೂಗುವವರು ಯಾರು ಅಂತ ಅವತ್ತೇ ಕೇಳಿ ಗೊತ್ತು ಮಾಡಿಕೊಳ್ಳಿ.