ಕಟ್ಟಿದ ಭಾಷೆಯ ಪದ ಊಹಿಸೋಕೆ ಇಂಗ್ಲಿಷೋ, ಜರ್ಮನ್ನೋ?

ಮಾನಸಗಂಗೋತ್ರಿಯಲ್ಲಿ ಓದುವ ಚಿಕ್ಕಪ್ಪನ ಮಗಳು ಕೇಳಿದಳು: "ಅಣ್ಣಾ, ಫೋಕ್‌ಸ್ಪ್ರಾಕ್ ಥರದ ಕಟ್ಟಿದ ಜರ್ಮಾನಿಕ್ ಭಾಷೆಗಳ ಪದ ಊಹಿಸೋಕೆ ಇಂಗ್ಲಿಷ್ ಸಾಕಾ, ಜರ್ಮನ್ ಕಲೀಬೇಕಾ?"

ಇಂಗ್ಲಿಷ್, ಜರ್ಮನ್, ಡಚ್, ಸ್ವೀಡಿಷ್ ಎಲ್ಲ ಜರ್ಮಾನಿಕ್ ಅನ್ನೋ ಒಂದೇ ಕುಟುಂಬದವು; ಅವುಗಳ ಪದಗಳನ್ನು ಹೋಲಿಸಿ ಬೇಕೆಂದೇ ಕಟ್ಟಿದ ಹೊಸ ಭಾಷೆ ಫೋಕ್‌ಸ್ಪ್ರಾಕ್. ಖರ್ಚು ನೋಡಿದರೆ ಇಂಗ್ಲಿಷೇ ವಾಸಿ, ಕೈಯಲ್ಲೇ ಇದೆ. ಮನೆ, ನೀರು, ಕೈಯಂಥ ಪದಗಳಿಗೆ ಧಾರಾಳವಾಗಿ ಸಾಕು.

ಊಹೆಯನ್ನು ಎಷ್ಟು ನಂಬಬಹುದು ಅನ್ನೋ ಮಾತು ಬೇರೆ. 'ದೀರ್' ಅಂತ ಒಂದು ಪದ ಬಂತು ಅಂದುಕೋ. ಇಂಗ್ಲಿಷಿನ 'ಡಿಯರ್' ನೆನೆದು ಜಿಂಕೆ ಅಂತೀಯ. ಆದರೆ ಜರ್ಮನ್ನಿನ 'ಟೀರ್', ಡಚ್ಚಿನ 'ದೀರ್', ಸ್ವೀಡಿಷ್‌ನ 'ಯೂರ್' ಎಲ್ಲಕ್ಕೂ ಪ್ರಾಣಿ ಅಂತಲೇ ಅರ್ಥ. ಭಾಷೆ ಕಟ್ಟುವವರು ಸಾಮಾನ್ಯವಾಗಿ ಹೆಚ್ಚು ಭಾಷೆಗಳ ಮತ ಬಿದ್ದ ಅರ್ಥದ ಕಡೆಗೇ ವಾಲುತ್ತಾರೆ. (ನಮ್ಮ 'ಮೃಗ'ದ್ದೂ ಇದೇ ಪಾಡು: ಕ್ರೂರಮೃಗವೂ ಹೌದು, ಕಸ್ತೂರಿಮೃಗವೂ ಹೌದು.)

ಜರ್ಮನ್ನಿನ ತೊಡಕು ಧ್ವನಿಯದು. ಹಳೆಯ 'ಪ' ಅಲ್ಲಿ 'ಪ್ಫ' ಆಗಿದೆ, 'ಟ' 'ತ್ಸ' ಆಗಿದೆ: ಆಪಲ್‌ಗೆ ಆಪ್ಫೆಲ್, ಟೆನ್‌ಗೆ ತ್ಸೇನ್. ಪಾಲು ಹಾಲಾದದ್ದು, ಪುಲಿ ಹುಲಿಯಾದದ್ದು ಗೊತ್ತಿರುವವರಿಗೆ ಇದು ಒಂದು ಸಂಜೆಯ ಕೆಲಸ.

ಭಾನುವಾರದ ಒಗಟಿಗಾದರೆ ಇಂಗ್ಲಿಷ್ ಹಿಡಿ. ಪುಟಗಟ್ಟಲೆ ಓದುವ ಹಂಬಲವಿದ್ದರೆ ಜರ್ಮನ್. ಆ ಧ್ವನಿಪಲ್ಲಟ ಆಗದ ಡಚ್ ಇವೆರಡರ ನಡುವೆ ನಿಲ್ಲುತ್ತೆ, ಮೈಸೂರಲ್ಲಿ ಕಲಿಸುವವರು ಸಿಕ್ಕರೆ.