ಹಿಮದ ಕಡಲತೀರ: ಇನೆಯೋ, ತ್ಸುಗರುವೋ?

ಜಪಾನಿನ ಹಿಮ ಬೀಳುವ ಕರಾವಳಿಯಲ್ಲಿ ಎಲ್ಲಿಗೆ ಹೋಗಲಿ ಎಂದು ವಿಚಾರಿಸುವವರಿಗೆ ನಾನು ಹಾಕುವ ಪ್ರಶ್ನೆ ಒಂದೇ: ಗಾಳಿಗೆ ಬಿಟ್ಟುಕೊಡಲು ನಿಮ್ಮಲ್ಲಿ ಎಷ್ಟು ದಿನಗಳಿವೆ? ಒಂದೂ ಇಲ್ಲವೆಂದರೆ ಕ್ಯೋಟೋ ಪ್ರಾಂತ್ಯದ ಉತ್ತರ ತುದಿಯ ಇನೆ. ಒಂದೆರಡು ದಿನ ಕೈಬಿಟ್ಟುಹೋದರೂ ಚಿಂತೆಯಿಲ್ಲವೆಂದರೆ ದೇಶದ ಉತ್ತರದ ಅಓಮೊರಿ ಪ್ರಾಂತ್ಯದ ತ್ಸುಗರು. ಇನೆಗೆ ಅಮ್ಮನ ಜೊತೆ ಹೋಗಿದ್ದೆ, ತ್ಸುಗರುವಿಗೆ ಒಬ್ಬಳೇ.

ಎರಡೂ ಕಡೆ ಹಿಮ ತರುವುದು ಒಂದೇ ಗಾಳಿ. ಸೈಬೀರಿಯಾದ ಒಣ ಚಳಿಗಾಳಿ ಜಪಾನ್ ಸಮುದ್ರದ ಬೆಚ್ಚಗಿನ ತ್ಸುಶಿಮಾ ಪ್ರವಾಹದ ಮೇಲೆ ಹಾದು ಬರುವಾಗ ತೇವ ಹೀರಿಕೊಂಡು, ಬೆಟ್ಟಕ್ಕೆ ಬಡಿದು ಸುರಿಯುತ್ತದೆ. ಮುಂಗಾರು ನಮ್ಮ ಘಟ್ಟಕ್ಕೆ ಬಡಿಯುವ ಕ್ರಮವೇ ಇದು. ಆದರೆ ಇನೆಯಲ್ಲಿ ಬೀಳುವುದು ನೀರು ತುಂಬಿದ ಹಿಮ. ಬುತ್ತಿ ಮರೆತರೂ ಕೊಡೆ ಮರೆಯಬೇಡ ಎಂಬ ಗಾದೆ ಆ ಸೀಮೆಯಲ್ಲಿದೆ. ತ್ಸುಗರುವಿನಲ್ಲಿ ಕೊಡೆಯಿಂದ ಪ್ರಯೋಜನವಿಲ್ಲ. ಅಲ್ಲಿನದು ಹುಡಿ ಹಿಮ. ಬಯಲಿನಲ್ಲಿ ಬಿದ್ದದ್ದನ್ನೇ ಗಾಳಿ ಮತ್ತೆ ಎಬ್ಬಿಸಿ ಅಡ್ಡಡ್ಡ ಬೀಸುತ್ತದೆ. ಇದಕ್ಕೆ ಜಿಫುಬುಕಿ ಎನ್ನುತ್ತಾರೆ. ತಲೆಯ ಮೇಲೆ ನೀಲಿ ಆಕಾಶ ಕಾಣುತ್ತಿರುವಾಗಲೇ ಹತ್ತು ಹೆಜ್ಜೆ ದೂರದ ಕಂಬ ಅಳಿಸಿಹೋಗುವುದನ್ನು ನೋಡಿ ನಾನು ನಿಂತಲ್ಲೇ ನಿಂತುಬಿಟ್ಟೆ.

ಇನೆ ತಲುಪುವುದು ಸುಲಭ. ಕ್ಯೋಟೋದಿಂದ ಅಮಾನೋಹಾಶಿದಾತೆಗೆ ಎರಡು ತಾಸಿನ ರೈಲು, ಅಲ್ಲಿಂದ ಒಂದು ತಾಸಿನ ಬಸ್ಸು. ಕೊಲ್ಲಿಯ ಅಂಚಿನಲ್ಲಿ ಸುಮಾರು 230 ಫುನಾಯಾಗಳಿವೆ: ಕೆಳಗೆ ದೋಣಿ ಒಳಗೆ ಎಳೆದಿಡುವ ಜಾಗ, ಮೇಲೆ ಕೋಣೆ. ಕೊಲ್ಲಿಯ ಬಾಯಿಗೆ ಅಓಶಿಮಾ ದ್ವೀಪ ಅಡ್ಡ ನಿಂತಿದೆ, ಉಬ್ಬರವಿಳಿತದ ಅಂತರ ಅರ್ಧ ಮೀಟರಿನಷ್ಟೇ. ಹಾಗಾಗಿಯೇ ಮನೆಗಳು ನೀರಿಗೆ ಕಾಲಿಟ್ಟು ನಿಲ್ಲಬಲ್ಲವು. ಬೆಳಿಗ್ಗೆ ಕಿಟಕಿ ತೆಗೆದಾಗ ಹಿಮ ನೆಟ್ಟಗೆ ಇಳಿಯುತ್ತಿತ್ತು, ನೀರು ಮುಟ್ಟಿದೊಡನೆ ಸದ್ದಿಲ್ಲದೆ ಕರಗುತ್ತಿತ್ತು. ಪಕ್ಕದ ಮಾಡಿನಿಂದ ಒಂದು ಹಿಮದ ಹಲಗೆ ಜಾರಿ ದೊಪ್ಪನೆ ಬಿತ್ತು. ಅಲೆ ನಮ್ಮ ಮೆಟ್ಟಿಲವರೆಗೆ ಬಂದು ನಿಂತಿತು. ಅಂಕೋಲೆಯ ಕಡಲ ಬದಿಯಲ್ಲಿ ಬೆಳೆದ ಅಮ್ಮ ಬಹಳ ಹೊತ್ತು ನೋಡಿ, "ಇದು ಕಡಲಲ್ಲ ಮಗಳೇ, ಕೆರೆ" ಎಂದಳು. ಮೆಚ್ಚಿಯೇ ಹೇಳಿದ ಮಾತು. ರಾತ್ರಿಯ ಊಟಕ್ಕೆ ಚಳಿಗಾಲದ ಬುರಿ ಮೀನು. ಕೊಬ್ಬಿನ ತೆಳು ಹೋಳನ್ನು ಕುದಿಯುವ ಸಾರಿನಲ್ಲಿ ಎರಡು ಬಾರಿ ಆಡಿಸಿ, ಅಂಚು ಬೆಳ್ಳಗಾದೊಡನೆ ತಿನ್ನಬೇಕು. ಅದಕ್ಕಾಗಿಯೇ ಇನ್ನೊಮ್ಮೆ ಹೋಗಬಹುದು. ತೊಡಕು ಒಂದೇ: ತಂಗುವ ಫುನಾಯಾಗಳಲ್ಲಿ ಕೋಣೆಗಳು ಬೆರಳೆಣಿಕೆಯಷ್ಟು, ಬಹಳ ಮೊದಲೇ ಕಾದಿರಿಸಬೇಕು.

ತ್ಸುಗರುವಿನಲ್ಲಿ ಎರಡು ರೈಲುಗಳಿಗಾಗಿ ಹೋಗಬೇಕು. ಗೋನೋ ಮಾರ್ಗದ 147 ಕಿಲೋಮೀಟರಿನಲ್ಲಿ ಬಹುಭಾಗ ಸಮುದ್ರದ ಪಕ್ಕದಲ್ಲೇ ಸಾಗುತ್ತದೆ. ಗೋಶೋಗವಾರಾದಿಂದ ನಕಾಸಾತೋವರೆಗಿನ ಒಲೆ ರೈಲು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಾತ್ರ. ಡಬ್ಬಿಯೊಳಗೇ ಕಲ್ಲಿದ್ದಲಿನ ಗುಂಡು ಒಲೆ. ಅದರ ಮೇಲೆ ಒಣ ಬೊಂಡಾಸವನ್ನು ಸುಟ್ಟು ಕೊಡುತ್ತಾರೆ. ಬಿಸಿ ತಾಗಿದೊಡನೆ ಅದು ಸುರುಳಿ ಸುತ್ತಿಕೊಳ್ಳುತ್ತದೆ, ಡಬ್ಬಿ ತುಂಬ ಒಣಮೀನಿನ ವಾಸನೆ. ಎದುರು ಕುಳಿತ ಅಜ್ಜಿ ತನ್ನ ಪಾಲಿನಲ್ಲಿ ಅರ್ಧ ಹರಿದು ನನ್ನ ಕೈಗಿತ್ತರು.

ಫುಕಾಊರಾದಲ್ಲಿ ಕಡಲ ಬಂಡೆಗಳ ನಡುವೆ ತುಕ್ಕು ಬಣ್ಣದ ಬಿಸಿನೀರಿನ ಕೊಳವಿದೆ, ಬಿರುಗಾಳಿಯಿದ್ದರೆ ಮುಚ್ಚುತ್ತಾರೆ. ನಾನು ಹೋದ ದಿನ ಮುಚ್ಚಿತ್ತು. ಮರುದಿನವೂ ಗಾಳಿ ಬಿಡಲಿಲ್ಲ. ತಂಗಿದ್ದ ಮನೆಯ ಯಜಮಾನಿ ಸೇಬು ಹೆಚ್ಚಿ ತಂದಿಟ್ಟರು. ಬೆಂಗಳೂರಿನ ಅಂಗಡಿಗಳಲ್ಲೂ ಸಿಗುವ ಫುಜಿ ಹುಟ್ಟಿದ ಫುಜಿಸಾಕಿ ಇದೇ ಸೀಮೆಯದು. ಇಡೀ ದಿನ ಗಾಜಿಗೆ ಹಣೆಯೊತ್ತಿ, ಬೂದು ಅಲೆ ಬಂಡೆಗೆ ಬಡಿದು ಮನೆಯೆತ್ತರ ಏಳುವುದನ್ನು ನೋಡಿದೆ. ಆ ದಿನ ನಷ್ಟವಾಯಿತೆಂದು ನನಗೆ ಅನ್ನಿಸಲೇ ಇಲ್ಲ.

ವಯಸ್ಸಾದವರ ಜೊತೆ, ಎರಡು ರಾತ್ರಿಗೆಂದರೆ ಇನೆಯೇ ಸರಿ, ಅದರಲ್ಲಿ ಎರಡು ಮಾತಿಲ್ಲ. ನಾನಂತೂ ಬರುವ ಫೆಬ್ರವರಿಗೆ ಮತ್ತೆ ತ್ಸುಗರುವಿಗೆ ಹೊರಟಿದ್ದೇನೆ, ನಾಲ್ಕು ದಿನದ ತಿರುಗಾಟಕ್ಕೆ ಆರು ದಿನ ಇಟ್ಟುಕೊಂಡು.