ಟ್ಯೂಬ್ ಆಂಪ್‌ಗೆ ಎಲ್-ಪ್ಯಾಡ್ ಹಾಕಿ ಕೈ ಸುಟ್ಟುಕೊಂಡ ಕಥೆ

ಟ್ಯೂಬ್ ಗಿಟಾರ್ ಆಂಪ್ (ಟ್ರಾನ್ಸಿಸ್ಟರ್ ಬದಲು ಗಾಜಿನ ಟ್ಯೂಬ್‌ಗಳಿಂದ ಸದ್ದು ಹಿಗ್ಗಿಸುವಂಥದ್ದು) ಇಟ್ಟುಕೊಂಡು ಅಪಾರ್ಟ್‌ಮೆಂಟ್‌ನಲ್ಲಿ ಬದುಕುತ್ತಿರುವವರು ದಯವಿಟ್ಟು ಓದಿ. ಆಂಪ್‌ಗೂ ಸ್ಪೀಕರ್‌ಗೂ ನಡುವೆ ಅಗ್ಗದ ಎಲ್-ಪ್ಯಾಡ್ (ಸ್ಪೀಕರ್‌ಗೆ ಹೋಗುವ ಶಕ್ತಿ ತಗ್ಗಿಸುವ ಗುಬುಟು) ಕೂರಿಸಿ ಸದ್ದು ತಗ್ಗಿಸೋಣ ಅಂತ ಹೊರಟಿದ್ದರೆ, ಬೇಡ. ನಾನು ಮಾಡಿ ನೋಡಿದ್ದೇನೆ. 380 ರೂಪಾಯಿಯ ಉಪಾಯಕ್ಕೆ 14,000 ರೂಪಾಯಿ ದಂಡ ತೆತ್ತು, ಎರಡು ತಿಂಗಳು ಆಂಪ್ ಇಲ್ಲದೆ ಕೂತಿದ್ದೆ.

ನನ್ನದು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ 15 ವ್ಯಾಟ್ ಹೆಡ್, ಅಂದರೆ ಸ್ಪೀಕರ್ ಇಲ್ಲದ ಬರೀ ಆಂಪ್. ಔಟ್‌ಪುಟ್‌ಗೆ ಎರಡು ಇಎಲ್84 ಟ್ಯೂಬ್, ಕೆಳಗೆ 12 ಇಂಚಿನ ಒಂದೇ ಸ್ಪೀಕರ್ ಇರುವ ಕ್ಯಾಬಿನೆಟ್. ವಾಲ್ಯೂಮ್ 3ರ ಆಚೆ ತಿರುಗಿಸಿದರೆ ತಾನೇ ಅದಕ್ಕೆ ಜೀವ ಬರುವುದು? ಔಟ್‌ಪುಟ್ ಟ್ಯೂಬ್‌ಗಳು ದಣಿದು, ಟ್ರಾನ್ಸ್‌ಫಾರ್ಮರ್ ತುಸು ಬಿಗಿಹಿಡಿದು, ಸ್ಪೀಕರ್‌ನ ಕಾಗದದ ಕೋನ್ ನಡುಗತೊಡಗಿದಾಗ ಬರುವ ಆ ಟೋನ್ ಪೆಡಲ್‌ನಲ್ಲಿ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಆದರೆ ಅಷ್ಟು ಹೊತ್ತಿಗೆ ಕೆಳಗಿನ ಮನೆ ಅಂಕಲ್ ಬಾಗಿಲು ತಟ್ಟಿರುತ್ತಾರೆ. "ನೋಡಪ್ಪಾ, ನೀನು ಬಾರಿಸೋದು ಬೇಡ ಅನ್ನಲ್ಲ. ನಮ್ಮನೆ ಶೋಕೇಸ್‌ನಲ್ಲಿರೋ ಲೋಟಗಳು ತಾಳ ಹಾಕ್ತಿವೆ, ಅಷ್ಟೇ." ಪಾಪ, ಬೈಯಲೂ ಇಲ್ಲ. ಅದಕ್ಕೇ ಇನ್ನಷ್ಟು ನಾಚಿಕೆಯಾಯಿತು.

ಮಾರನೇ ಶನಿವಾರ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಸೌಂಡ್ ಸಿಸ್ಟಮ್ ಸಾಮಾನು ಮಾರುವ ಅಂಗಡಿಯೊಂದರಲ್ಲಿ 8 ಓಮ್, 15 ವ್ಯಾಟ್ ಅಂತ ಬರೆದಿದ್ದ ಎಲ್-ಪ್ಯಾಡ್ ಸಿಕ್ಕಿತು. ಒಂದೇ ಗುಬುಟು ತಿರುಗಿಸಿದರೆ ಒಳಗಿನ ಎರಡು ರೆಸಿಸ್ಟೆನ್ಸ್‌ಗಳು ಒಟ್ಟಿಗೆ ಬದಲಾಗುತ್ತವೆ. ಒಂದು ಸ್ಪೀಕರ್‌ಗೆ ಸರಣಿಯಲ್ಲಿ, ಇನ್ನೊಂದು ಅಡ್ಡಲಾಗಿ. ಸ್ಪೀಕರ್‌ಗೆ ಎಷ್ಟೇ ಕಡಿಮೆ ಹೋದರೂ ಆಂಪ್‌ಗೆ ಹೆಚ್ಚುಕಡಿಮೆ 8 ಓಮ್ ಲೋಡ್ (ಹೊರೆ) ಕಾಣುತ್ತಲೇ ಇರಬೇಕು ಎನ್ನುವುದು ಲೆಕ್ಕ. ಕಾಗದದ ಮೇಲೆ ಈ ಲೆಕ್ಕದಲ್ಲಿ ತಪ್ಪಿಲ್ಲ. 15 ವ್ಯಾಟ್ ಆಂಪ್‌ಗೆ 15 ವ್ಯಾಟ್ ಪ್ಯಾಡ್, ಜೋಡಿ ಸರಿಹೋಯಿತು ಅಂದುಕೊಂಡೆ. ಆದರೂ ಅನುಮಾನ ಬಂದು ಅಂಗಡಿಯವರನ್ನು ಕೇಳಿದೆ, ಇದು ಕೈಕೊಟ್ಟರೆ ಆಂಪ್‌ಗೆ ಏನಾದರೂ ಆಗುತ್ತಾ ಅಂತ. "ಏನೂ ಆಗಲ್ಲ ಸಾರ್. ಶಾರ್ಟ್ ಆಗ್ಬಾರ್ದು ಅಷ್ಟೇ, ಓಪನ್ ಆದ್ರೆ ಚಿಂತೆ ಇಲ್ಲ."

ಶಾರ್ಟ್ ಅಂದರೆ ಎರಡು ತಂತಿ ನೇರವಾಗಿ ಕೂಡಿಕೊಳ್ಳುವುದು, ಓಪನ್ ಅಂದರೆ ದಾರಿ ಕಡಿದುಹೋಗುವುದು. ಅವರು ಸುಳ್ಳು ಹೇಳಲಿಲ್ಲ. ದಿನವಿಡೀ ಅವರ ಕೈಯಲ್ಲಿ ಓಡಾಡುವುದು ಟ್ರಾನ್ಸಿಸ್ಟರ್ ಆಂಪ್‌ಗಳು, ಅವುಗಳ ಮಟ್ಟಿಗೆ ಈ ಮಾತು ನಿಜ. ಟ್ಯೂಬ್ ಆಂಪ್‌ಗೆ ಪೂರಾ ಉಲ್ಟಾ. ಇಲ್ಲಿ ಒಂದಿಷ್ಟು ಹೊತ್ತು ಶಾರ್ಟ್ ಆದರೂ ತಡೆದುಕೊಳ್ಳಬಹುದು, ಓಪನ್ ಆದರೆ ಕಥೆ ಮುಗಿಯಿತು.

ಯಾಕೆ ಅಂದರೆ, ಇಎಲ್84 ಜೋಡಿ ಬಯಸುವುದು ಸುಮಾರು 8,000 ಓಮ್ ಲೋಡ್. ಸ್ಪೀಕರ್ ಇರುವುದು 8 ಓಮ್. ನಡುವಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಈ ಸಾವಿರ ಪಟ್ಟು ಅಂತರವನ್ನು ಹೊಂದಿಸುತ್ತದೆ, ಟ್ಯೂಬ್ ಕಡೆ ಸ್ಪೀಕರ್ ಕಡೆಗಿಂತ ಸುಮಾರು 32 ಪಟ್ಟು ಹೆಚ್ಚು ಸುತ್ತು ತಂತಿ ಸುತ್ತಿಕೊಂಡು (32ರ ವರ್ಗ ಸುಮಾರು ಸಾವಿರ). ಸ್ಪೀಕರ್ ಕಡೆ ಏನೂ ಇಲ್ಲದಿದ್ದರೆ ಟ್ಯೂಬ್ ತಳ್ಳಿದ ಶಕ್ತಿಗೆ ಹೊರಗೆ ದಾರಿಯಿಲ್ಲ. ಮೊದಲೇ 300 ವೋಲ್ಟ್‌ಗೂ ಮೇಲಿರುವ ಟ್ಯೂಬ್ ಕಡೆ ವೋಲ್ಟೇಜ್ ಇನ್ನೂ ಹಲವು ಪಟ್ಟು ಜಿಗಿಯುತ್ತದೆ. ಎಲ್ಲಿ ಇನ್ಸುಲೇಷನ್ ತೆಳುವಾಗಿದೆಯೋ ಅಲ್ಲಿ ಕಿಡಿ ಹಾರುತ್ತದೆ.

ಮೊದಲ ಮೂರು ವಾರ ಸ್ವರ್ಗ. ವಾಲ್ಯೂಮ್ 7, ಪ್ಯಾಡ್ ಅರ್ಧಕ್ಕಿಂತ ಕೆಳಗೆ. ಟೋನ್ ಕೊಂಚ ಮಂಕಾಗಿತ್ತು, ನಿಜ. ಪ್ಯಾಡ್ ಬಿಸಿಯಾಗುತ್ತಿತ್ತು. ಬಿಸಿಯಾಗಲೇಬೇಕಲ್ಲ ಅಂತ ಸುಮ್ಮನಾದೆ. ಆಂಪ್ ಮೇಲೆ ಬರೆದ 15 ವ್ಯಾಟ್ ಶುದ್ಧ ಸದ್ದಿನ ಲೆಕ್ಕ, ಒಡೆದ ಸದ್ದಿನಲ್ಲಿ ಅದಕ್ಕೂ ಎಷ್ಟೋ ಜಾಸ್ತಿ ಹೊರಬರುತ್ತದೆ ಎಂದು ಆಗ ಗೊತ್ತಿರಲಿಲ್ಲ. ಅಷ್ಟೂ ಶಾಖ ಪ್ಯಾಡ್‌ನೊಳಗಿನ ತಂತಿಸುರುಳಿಯ ಒಂದು ತುಣುಕಿನ ಮೇಲೆ ಬೀಳುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ನುಡಿಸುತ್ತಿದ್ದ ಹಾಗೇ ಸ್ಪೀಕರ್ ಮೌನವಾಯಿತು. ಆದರೆ ಗಿಟಾರ್ ಕೇಳಿಸುತ್ತಲೇ ಇತ್ತು! ಡಬ್ಬಿಯೊಳಗೆ ನೊಣ ಹಾಡಿದ ಹಾಗೆ, ತೆಳ್ಳಗೆ, ಹೆಡ್‌ನ ಒಳಗಿನಿಂದ. ಸ್ಪೀಕರ್ ಇಲ್ಲದೆ ಓಡುವಾಗ ಟ್ರಾನ್ಸ್‌ಫಾರ್ಮರ್‌ನ ತಗಡುಗಳೇ ಹೀಗೆ ಹಾಡುತ್ತವೆ ಅಂತ ಆಮೇಲೆ ತಿಳಿಯಿತು. ಆಗ ನನಗನ್ನಿಸಿದ್ದು ಕೇಬಲ್ ಸಡಿಲವಾಗಿದೆ ಅಂತ. ಬುದ್ಧಿವಂತನ ಹಾಗೆ ವಾಲ್ಯೂಮನ್ನು 10ಕ್ಕೆ ಏರಿಸಿ ಒಂದು ಇ ಕಾರ್ಡ್ ಎಳೆದೆ. ಟಕ್ ಅಂತ ಸದ್ದು, ಹಿಂದಿನ ಜಾಲರಿಯಲ್ಲಿ ನೀಲಿ ಮಿಂಚು, ಎಲ್ಲ ಆಫ್.

ಇಲ್ಲಿಗೆ ನಿಲ್ಲಿಸಿದ್ದರೆ ಬಹುಶಃ ಟ್ಯೂಬ್ ಕೂರುವ ಸಾಕೆಟ್ ಒಂದರಲ್ಲೇ ಮುಗಿಯುತ್ತಿತ್ತು. ಫ್ಯೂಸ್ ತಾನೇ ಹೋಗಿದ್ದು ಅಂದುಕೊಂಡೆ. ಅದು 1 ಆಂಪಿಯರ್‌ನದು, ಭಾನುವಾರ ಎಲ್ಲಿ ಹುಡುಕಲಿ? ಅಟ್ಟದ ಮೇಲಿದ್ದ ಹಳೇ ಟಿವಿ ಸ್ಟೆಬಿಲೈಜರ್‌ನಿಂದ 5 ಆಂಪಿಯರ್‌ನ ಗಾಜಿನ ಫ್ಯೂಸ್ ಕಿತ್ತು ಹಾಕಿದೆ. ಫ್ಯೂಸ್ ಹೋದರೆ ದಪ್ಪ ತಂತಿ ಸುತ್ತುವ ನಮ್ಮ ಮನೆಗಳ ಹಳೇ ಬುದ್ಧಿ ನೋಡಿ, ರಕ್ತದಲ್ಲೇ ಇದೆ. ಈ ಸಲ ಮಿಂಚಿಲ್ಲ. ದಪ್ಪನೆಯ ಗುಂಯ್‌ಗುಡುವಿಕೆ, ಹತ್ತು ಸೆಕೆಂಡ್ ಬಿಟ್ಟು ವಾರ್ನಿಶ್ ಸುಟ್ಟ ವಾಸನೆ, ಹೊಗೆ.

ರಿಪೇರಿ ಮಾಡಿಕೊಟ್ಟವರು ವಾಲ್ವ್ (ಟ್ಯೂಬ್) ರೇಡಿಯೋ ಕಾಲದಿಂದ ಕೆಲಸ ಮಾಡುತ್ತಿರುವ ಹಿರಿಯರು. ಶಾಸಿ (ಆಂಪ್‌ನ ಒಳಗಿನ ಲೋಹದ ಚೌಕಟ್ಟು) ಬಿಚ್ಚಿ, ಕೈಗೆ ಮೊದಲು ಸಿಕ್ಕ ಸಾಕೆಟ್ ನೋಡಿ, "ಲೋಡ್ ಇಲ್ದೆ ಓಡ್ಸಿದ್ಯಾ ಮರಿ?" ಅಂದರು. ಎರಡು ಪಿನ್‌ಗಳ ನಡುವೆ ಪೆನ್ಸಿಲ್‌ನಲ್ಲಿ ಎಳೆದಂತೆ ಒಂದು ಕಪ್ಪು ಗೆರೆ. ಕಿಡಿ ಸುಟ್ಟು ಉಳಿಸಿದ ಇಂಗಾಲ ಅದು. ಇಂಗಾಲದಲ್ಲಿ ಕರೆಂಟ್ ಹರಿಯುತ್ತದೆ, ಹಾಗಾಗಿ ಎರಡನೇ ಸಲ ಆನ್ ಮಾಡಿದಾಗ ಹೈ ವೋಲ್ಟೇಜ್ ನೇರವಾಗಿ ಆ ಗೆರೆಯ ಮೇಲೆ ಹರಿದು ಟ್ರಾನ್ಸ್‌ಫಾರ್ಮರ್‌ನ ಸುತ್ತನ್ನು ಸುಟ್ಟಿದೆ. ತಡೆಯಬೇಕಿದ್ದ ಫ್ಯೂಸ್ ಐದು ಪಟ್ಟು ದಪ್ಪ. ಹೊಸ ಟ್ರಾನ್ಸ್‌ಫಾರ್ಮರ್, ಸಾಕೆಟ್, ಒಂದು ಜೊತೆ ಟ್ಯೂಬ್, ಕೂಲಿ, ಒಟ್ಟು 14,000.

ನನ್ನ ಆಂಪ್‌ನ ಜಾಕ್‌ನಲ್ಲಿ ರಕ್ಷಣೆಯೂ ಇತ್ತು ಗೊತ್ತಾ? ಸ್ಪೀಕರ್ ಪ್ಲಗ್ ತೆಗೆದರೆ ಜಾಕ್ ತಾನೇ ಶಾರ್ಟ್ ಆಗುವ ವ್ಯವಸ್ಥೆ, ಬಹಳ ಆಂಪ್‌ಗಳಲ್ಲಿ ಇರುತ್ತದೆ. ಅದನ್ನು ನಂಬಿಕೊಂಡು ಧೈರ್ಯವಾಗಿದ್ದೆ. ಆದರೆ ಜಾಕ್‌ನಲ್ಲಿ ಪ್ಲಗ್ ಇದ್ದೇ ಇತ್ತಲ್ಲ! ಸುಟ್ಟಿದ್ದು ಪ್ಲಗ್‌ನ ಆಚೆ ಇದ್ದ ಪ್ಯಾಡ್. ಜಾಕ್‌ಗೆ ಅದು ಕಾಣುವುದಿಲ್ಲ. ಹೆಡ್‌ನಿಂದ ಕ್ಯಾಬಿನೆಟ್‌ಗೆ ಮಾಮೂಲಿ ಗಿಟಾರ್ ಕೇಬಲ್ ಹಾಕುವವರಿಗೂ ಇದೇ ಮಾತು. ಆ ಎಳೆ ತೀರಾ ತೆಳು, ಒಳಗೇ ಕಡಿದುಹೋದರೆ ಇದೇ ಗತಿ. ದಪ್ಪ ಸ್ಪೀಕರ್ ಕೇಬಲ್ಲೇ ಬೇಕು.

ಇಷ್ಟೆಲ್ಲ ಮಾಡಿ ಗಳಿಸಿದ್ದೇನು ಅಂತ ಲೆಕ್ಕ ಹಾಕಿದರೆ ನಗು ಬರುತ್ತದೆ. ಶಕ್ತಿಯನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸಿದರೆ ಕಿವಿಗೆ ಸದ್ದು ಅರ್ಧವಾದಂತೆ ಕೇಳುತ್ತದೆ, ಅಷ್ಟೇ. ಗಿಟಾರ್ ಸ್ಪೀಕರ್‌ಗಳಲ್ಲಿ ಒಂದು ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ 100 ಡೆಸಿಬಲ್ ಕೊಡುವಂಥವು ಸಾಮಾನ್ಯ. ಅದರಲ್ಲಿ 70 ಡೆಸಿಬಲ್‌ಗೆ ಇಳಿಯಬೇಕಾದರೆ ಒಂದು ವ್ಯಾಟ್‌ನ ಸಾವಿರದಲ್ಲೊಂದು ಪಾಲು ಸಾಕು. ಅಷ್ಟು ಇಳಿಸಿದ ಮೇಲೆ ಸದ್ದು ತಗ್ಗಿಸುವ ಎಂಥ ದುಬಾರಿ ಡಬ್ಬಿ ಹಾಕಿದರೂ ಟೋನ್ ಸಪ್ಪೆ ಅನ್ನಿಸುತ್ತದೆ. ಯಾಕೆಂದರೆ ಸಣ್ಣ ಸದ್ದಿನಲ್ಲಿ ನಮ್ಮ ಕಿವಿಯೇ ಬೇಸ್ ಮತ್ತು ಟ್ರೆಬಲ್ ಎರಡನ್ನೂ ಕಡಿಮೆ ಕೇಳಿಸಿಕೊಳ್ಳುತ್ತದೆ. ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ಇದನ್ನು 1933ರಲ್ಲೇ ಅಳೆದು ತೋರಿಸಿದ್ದರು. ನಾನು ಮೂರು ವಾರ ಪ್ಯಾಡ್‌ಗೆ ಬೈದ ಮಂಕುತನದಲ್ಲಿ ಅರ್ಧ ನನ್ನ ಕಿವಿಯದೇ.

ಈಗ ಇಟ್ಟುಕೊಂಡಿರುವುದು ಗಿಟಾರ್ ಆಂಪ್‌ಗೆಂದೇ ಮಾಡಿದ ರಿಯಾಕ್ಟಿವ್ ಅಟೆನ್ಯುಯೇಟರ್ (ಶಕ್ತಿ ತಗ್ಗಿಸುವ ಡಬ್ಬಿ). ಬರೀ ರೆಸಿಸ್ಟೆನ್ಸ್ ಅಲ್ಲದೆ, ಸ್ಪೀಕರ್‌ನ ಓಮ್ ಹೇಗೆ ಏರಿಳಿಯುತ್ತದೋ ಹಾಗೇ ಆಡುವ ಕಾಯಿಲ್‌ಗಳಿವೆ, ಅದಕ್ಕೇ ಟೋನ್ ಅಷ್ಟು ಕೆಡುವುದಿಲ್ಲ. ಓಮ್ ಆಂಪ್‌ಗೆ ಹೊಂದಬೇಕು. ವ್ಯಾಟ್ ಆಂಪ್‌ನ ಎರಡು ಪಟ್ಟಾದರೂ ಇರಲಿ. ನನ್ನದು 100 ವ್ಯಾಟ್‌ನದು, ಬೆಚ್ಚಗೂ ಆಗುವುದಿಲ್ಲ. ತಡರಾತ್ರಿ ಅದನ್ನೂ ಮುಟ್ಟುವುದಿಲ್ಲ, ಮಾಸ್ಟರ್ ವಾಲ್ಯೂಮ್ ಒಂದಕ್ಕಿಟ್ಟು ಮುಂದೊಂದು ಓವರ್‌ಡ್ರೈವ್ ಪೆಡಲ್ ಹಾಕಿ ಸುಮ್ಮನೆ ನುಡಿಸುತ್ತೇನೆ. ಸ್ಪೀಕರ್ ಕಿತ್ತು ಔಟ್‌ಪುಟ್ಟನ್ನು ನೇರವಾಗಿ ಆಡಿಯೋ ಇಂಟರ್‌ಫೇಸ್‌ಗೆ (ಸದ್ದನ್ನು ಕಂಪ್ಯೂಟರ್‌ಗೆ ಒಯ್ಯುವ ಪೆಟ್ಟಿಗೆ) ಚುಚ್ಚು ಎಂದು ಗೆಳೆಯನೊಬ್ಬ ಹೇಳಿದ. ಅದೂ ಲೋಡ್ ಇಲ್ಲದೆ ಓಡಿಸುವುದೇ, ಜೊತೆಗೆ ಇಂಟರ್‌ಫೇಸ್ ಬೇರೆ ಹೋಗುತ್ತದೆ.

ಈಗಾಗಲೇ ಎಲ್-ಪ್ಯಾಡ್ ಹಾಕಿಕೊಂಡಿದ್ದರೆ ಇವತ್ತೇ ತೆಗೆದುಬಿಡಿ. ಯಾವಾಗಲಾದರೂ ಸ್ಪೀಕರ್ ಸುಮ್ಮನಾಗಿ ಹೆಡ್‌ನೊಳಗಿಂದ ಗಿಟಾರ್ ಸಣ್ಣಗೆ ಕೇಳಿಸಿದರೆ ವಾಲ್ಯೂಮ್ ಮುಟ್ಟಲು ಹೋಗಬೇಡಿ, ತಂತಿಯ ಮೇಲೆ ಅಂಗೈ ಇಟ್ಟು ಮೊದಲು ಸ್ಟ್ಯಾಂಡ್‌ಬೈ, ಆಮೇಲೆ ಪವರ್ ಆಫ್ ಮಾಡಿ. ಪ್ಲಗ್ ಕಿತ್ತ ಮಾತ್ರಕ್ಕೆ ಶಾಸಿ ಬಿಚ್ಚಲೂ ಬೇಡಿ, ಕೆಪಾಸಿಟರ್‌ಗಳಲ್ಲಿ ಆ 300 ವೋಲ್ಟ್ ಇನ್ನೂ ಕೂತಿರಬಹುದು.